ಸಿಗಾರ್ ರುಚಿ ನೋಡಿ ತೂಗುವುದು ಹೇಗೆ

ನಮ್ಮದು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆ. ಆಗಸ್ಟ್ ಬಂತೆಂದರೆ ಹೊಲದ ಪಕ್ಕದ ಬ್ಯಾರನ್‌ಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ, ಬೆಂಕಿ ಹಾಕುತ್ತಿದ್ದರು. ಬೆಂದು ಹಳದಿಯಾದ ಸೊಪ್ಪನ್ನು ಬೇಲ್ ಕಟ್ಟುವ ಮುಂಚೆ ಅಪ್ಪ ಒಂದು ಎಲೆ ತೆಗೆದು ಮುಷ್ಟಿಯಲ್ಲಿ ಮೆಲ್ಲಗೆ ಹಿಸುಕಿ ಬಿಡುತ್ತಿದ್ದರು. ಪುಡಿಯಾದರೆ ಒಣಗಿದೆ. ಮುದ್ದೆಯಾಗಿಯೇ ಉಳಿದರೆ ನೀರು ಜಾಸ್ತಿ. ನಿಧಾನಕ್ಕೆ ಬಿಚ್ಚಿಕೊಂಡರೆ ಹದವಾಗಿದೆ. ಆಮೇಲೆ ಮೂಗಿನ ಹತ್ತಿರ ಹಿಡಿದು ಒಂದು ಮಾತು ಹೇಳುತ್ತಿದ್ದರು: ಘಾಟು, ಕಮಟು, ಅಥವಾ "ಸೊಗಡಿದೆ". ಎಷ್ಟೋ ವರ್ಷದ ಮೇಲೆ ಕ್ಯೂಬಾದ ಒಂದು ಸಿಗಾರ್ ಕೈಗೆ ಬಂದಾಗ ನನ್ನ ಹತ್ತಿರ ಇದ್ದ ವಿದ್ಯೆ ಅಷ್ಟೇ. ಅದು ಸಾಕಾಯಿತು.

ಸಿಗಾರ್ ಬಗ್ಗೆ ಓದಲು ಹೋದರೆ ಲೆದರ್, ಸೀಡರ್, ಕೋಕೋ ಎಂಬ ಪದಗಳ ಸಾಲೇ ಸಿಗುತ್ತದೆ. ಅವನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ರುಚಿ ನೋಡುವವರು ಕಲಿಯಬೇಕಾದದ್ದು ಎರಡು. ಒಂದು, ಬಾಯಲ್ಲಿ ಸಿಕ್ಕಿದ್ದಕ್ಕೆ ತಮಗೆ ಗೊತ್ತಿರುವ ಹೆಸರು ಇಡುವುದು. ಇನ್ನೊಂದು, ಏನಾದರೂ ಕೆಟ್ಟರೆ ಅದು ಎಲೆಯ ತಪ್ಪಾ, ಸುತ್ತಿದ ಕೈಯ ತಪ್ಪಾ, ಇಟ್ಟ ಜಾಗದ ತಪ್ಪಾ, ಸೇದಿದವರ ತಪ್ಪಾ ಎಂದು ಬೇರೆ ಮಾಡಿ ನೋಡುವುದು. ಈ ಲೇಖನ ಅದಕ್ಕಾಗಿ.

ಶುರು ಮಾಡುವ ಮುಂಚೆ

ಇದು ಈಗಾಗಲೇ ಅಪರೂಪಕ್ಕೆ ಸಿಗಾರ್ ಸೇದುವ ದೊಡ್ಡವರಿಗೆ ಬರೆದದ್ದು. ಸೇದದವರು ಈ ಲೇಖನ ಓದಿ ಶುರು ಮಾಡುವುದು ಬೇಡ. ಹೊಗೆ ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇದೆ. ದಪ್ಪ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಸುರಿಯರು, ಮಕ್ಕಳು ಇರುವ ಮನೆಯೊಳಗೆ ಹಚ್ಚಲೇಬೇಡಿ. ಕರ್ನಾಟಕದಲ್ಲಿ ಈಗ 21 ವರ್ಷ ಆಗದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1000 ರೂಪಾಯಿವರೆಗೂ ಇದೆ.

ಇನ್ನೊಂದು ಮಾತು, ಇದು ರುಚಿಗೂ ಸಂಬಂಧಪಟ್ಟದ್ದು. ನಮ್ಮ ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಸೊಪ್ಪನ್ನು ಬ್ಯಾರನ್‌ನಲ್ಲಿ ಬಿಸಿಗಾಳಿಗೆ ಐದಾರು ದಿನದಲ್ಲಿ ಬೇಯಿಸುತ್ತೇವೆ. ಎಲೆಯ ಸಕ್ಕರೆ ಒಳಗೇ ಉಳಿಯುತ್ತದೆ, ಹೊಗೆ ಹುಳಿ ಗುಣದ್ದಾಗುತ್ತದೆ. ಅದು ಸಿಗರೇಟಿಗೆ ಹೋಗುವ ಸೊಪ್ಪು. ಸಿಗಾರ್ ಸೊಪ್ಪು ಹಾಗಲ್ಲ. ಅದನ್ನು ನೆರಳಿನ ಚಪ್ಪರದಲ್ಲಿ ತೂಗುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ಹಸಿ ಹುಲ್ಲನ್ನು ಬಣವೆ ಹಾಕಿದರೆ ಒಳಗೆ ಬಿಸಿ ಏಳುತ್ತದಲ್ವಾ, ಹಾಗೆಯೇ. ಬಿಸಿ ಜಾಸ್ತಿಯಾದಾಗ ರಾಶಿ ಕಿತ್ತು ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಕಟ್ಟುತ್ತಾರೆ. ಸಕ್ಕರೆ ಕರಗಿ ಹೋಗುತ್ತದೆ, ಅಮೋನಿಯಾ ಹಾರಿ ಹೋಗುತ್ತದೆ, ಎಲೆ ಕಂದಾಗುತ್ತದೆ. ಈ ಎಲೆಯ ಹೊಗೆ ಕ್ಷಾರ ಗುಣದ್ದು. ಹಾಗಾಗಿ ನಿಕೋಟಿನ್ ಬಾಯಿಯ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಸಿಗಾರ್ ಹೊಗೆಯನ್ನು ಎದೆಗೆ ಎಳೆಯಬಾರದು ಎನ್ನುವುದಕ್ಕೂ, ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ತಿರುಗುವುದಕ್ಕೂ ಕಾರಣ ಇದೇ.

ಯಾವುದನ್ನು ಆರಿಸಬೇಕು

ಕಲಿಯಲು ದುಬಾರಿಯದು ಬೇಕಿಲ್ಲ, ದಪ್ಪನೆಯದೂ ಬೇಕಿಲ್ಲ. ನಾನು ಹೇಳುವುದು ಕ್ಯೂಬಾದ ಮಾಂಟೆಕ್ರಿಸ್ಟೋ ನಂಬರ್ 4. 1935ರಲ್ಲಿ ಶುರುವಾದ ಬ್ರ್ಯಾಂಡ್. ಉದ್ದ 129 ಮಿ.ಮೀ., ರಿಂಗ್ 42. ರಿಂಗ್ ಎಂದರೆ ದಪ್ಪದ ಅಳತೆ. ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ 42 ಪಾಲು, ಅಂದರೆ ಸುಮಾರು 17 ಮಿ.ಮೀ. ಖಾರ ಮಧ್ಯಮ, 45 ನಿಮಿಷದಲ್ಲಿ ಮುಗಿಯುತ್ತದೆ. ಇದರ ಪಕ್ಕದಲ್ಲಿ ಇಟ್ಟು ಹೋಲಿಸಲು ಪಾರ್ತಾಗಾಸ್ ಸೀರೀ ಡಿ ನಂಬರ್ 4 ಒಳ್ಳೆಯದು. ಅದು 124 ಮಿ.ಮೀ., ರಿಂಗ್ 50, ಗಟ್ಟಿ, ಮಣ್ಣಿನ ಸೊಗಡು ಜಾಸ್ತಿ. ನಿಕರಾಗುವಾದ ಎಸ್ಟೆಲಿ ಕಡೆಯ ಸಿಗಾರ್‌ಗಳಲ್ಲಿ ಕಾಳುಮೆಣಸು ಎದ್ದು ಕಾಣುತ್ತದೆ. ಕನೆಕ್ಟಿಕಟ್ ಶೇಡ್ ಎಂಬ, ನೆರಳಿನಲ್ಲಿ ಬೆಳೆದ ಎಲೆಯನ್ನು ಹೊರಗೆ ಸುತ್ತಿದ ಡೊಮಿನಿಕನ್ ಸಿಗಾರ್‌ಗಳು ಹಾಲಿನಷ್ಟು ಮೆತ್ತಗೆ.

ನಕಲಿ ಮಾಲು ಬಹಳ ಇದೆ, ಅದರಲ್ಲೂ ಕ್ಯೂಬಾದ ಕೊಹಿಬಾ ಎಂಬ ಬ್ರ್ಯಾಂಡ್‌ನ ಹೆಸರಿನಲ್ಲಿ. ಬಿಡಿಯಾಗಿ ಕೊಳ್ಳುವಾಗಲೂ ಪೆಟ್ಟಿಗೆ ತೋರಿಸಿ ಎಂದು ಕೇಳಿ. ಕ್ಯೂಬಾದ ಪೆಟ್ಟಿಗೆಯ ತಳದಲ್ಲಿ ಸುಟ್ಟ ಮುದ್ರೆ ಇರುತ್ತದೆ. ಅದರ ಜೊತೆ ಕಾರ್ಖಾನೆಯ ಗುಟ್ಟಿನ ಅಕ್ಷರಗಳು, ತಿಂಗಳು, ವರ್ಷ. ತಿಂಗಳು ಸ್ಪ್ಯಾನಿಷ್‌ನಲ್ಲಿ: ಎನೆ ಎಂದರೆ ಜನವರಿ, ಆಗೋ ಎಂದರೆ ಆಗಸ್ಟ್, ಡಿಕ್ ಎಂದರೆ ಡಿಸೆಂಬರ್. ತುಂಬ ಹೊಸ ಪೆಟ್ಟಿಗೆಯಾದರೆ ಎಲೆ ಇನ್ನೂ ಹಸಿಹಸಿ ಅನಿಸಬಹುದು. ತಾರೀಖು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಒಂದನ್ನೇ ತರಬೇಡಿ, ಒಂದೇ ಪೆಟ್ಟಿಗೆಯಿಂದ ಎರಡು ಅಥವಾ ಮೂರು ತನ್ನಿ. ಏಕೆ ಎಂದು ಮುಂದೆ ಹೇಳುತ್ತೇನೆ.

ಹದ: ಎರಡು ವಾರ ಮುಂಚೆ ಶುರು

ಎಲ್ಲಕ್ಕಿಂತ ಹೆಚ್ಚು ಸಿಗಾರ್ ಕೆಡುವುದು ಇಲ್ಲಿ. ಮಳೆಗಾಲದಲ್ಲಿ ಮಂಗಳೂರಿಗೆ ಹೋಗಿದ್ದಾಗ ಒಂದು ಪೆಟ್ಟಿಗೆಯಿಂದ ಎರಡು ಸಿಗಾರ್ ಕೊಂಡಿದ್ದೆ. ಒಂದನ್ನು ಅಂದೇ ಸಂಜೆ ಹಚ್ಚಿದೆ. ಎಳೆದರೆ ಗಾಳಿಯೇ ಬರುವುದಿಲ್ಲ, ಮೂರು ಸಲ ಆರಿತು, ಬಾಯೆಲ್ಲ ಕಹಿ. ಸುತ್ತಿದವನ ಕೈಗೆ ಶಾಪ ಹಾಕಿ, ಪುಸ್ತಕದಲ್ಲಿ ನೂರಕ್ಕೆ 60 ಎಂದು ಬರೆದೆ. ಎರಡನೆಯದು ಬೆಂಗಳೂರಿನಲ್ಲಿ ನನ್ನ ಡಬ್ಬಿಯಲ್ಲಿ ಮೂರು ವಾರ ಇತ್ತು. ಅದನ್ನು ಹಚ್ಚಿದ ದಿನ ಮೊದಲ ಎಳೆತಕ್ಕೇ ಗೊತ್ತಾಯಿತು, ತಪ್ಪು ಕೈಯದಲ್ಲ, ಗಾಳಿಯ ತೇವದ್ದು. ಯಾರೋ ಒಬ್ಬರು ದೂರದ ಊರಿನಲ್ಲಿ ಕೂತು ಶ್ರದ್ಧೆಯಿಂದ ಮಾಡಿದ ಕೆಲಸಕ್ಕೆ ನಾನು ಅನ್ಯಾಯ ಮಾಡಿದ್ದೆ. ಆ 60 ಅನ್ನು ಹೊಡೆದು ಹಾಕಿದೆ.

ತೇವ 65ರಿಂದ 70 ಶೇಕಡಾ ನಡುವೆ, ಬಿಸಿ 18ರಿಂದ 21 ಡಿಗ್ರಿ ಇದ್ದರೆ ಒಳ್ಳೆಯದು. ನನಗೆ 65ರ ಕಡೆ ಒಲವು, ಎಳೆತ ಸಲೀಸು. ಹ್ಯುಮಿಡಾರ್, ಅಂದರೆ ತೇವ ಕಾಯುವ ಮರದ ಪೆಟ್ಟಿಗೆ, ಬೇಕೇ ಬೇಕು ಎಂದೇನಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವವನ್ನು 65 ಅಥವಾ 69ಕ್ಕೆ ಹಿಡಿದಿಡುವ ಪೊಟ್ಟಣ, ತೇವ ಅಳೆಯಲು ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್, ಇಷ್ಟು ಸಾಕು. ಮರದ ಪೆಟ್ಟಿಗೆಯ ಒಳಗೆ ಹಾಕುವ ಸ್ಪ್ಯಾನಿಷ್ ಸೀಡರ್ ಹೆಸರಿಗೆ ಮಾತ್ರ ಸೀಡರ್. ಅದು ದೇವದಾರು ಅಲ್ಲ, ನಮ್ಮ ಬೇವಿನ ಕುಟುಂಬದ ಮರ.

ಹೈಗ್ರೋಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಿ. ಅದನ್ನೂ ಹೈಗ್ರೋಮೀಟರನ್ನೂ ಒಂದು ಜಿಪ್ ಕವರ್‌ನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. 71 ತೋರಿಸಿದರೆ ನಿಮ್ಮ ಮೀಟರ್ 4 ಕಡಿಮೆ ಹೇಳುತ್ತಿದೆ ಎಂದರ್ಥ.

ಫ್ರಿಜ್‌ನಲ್ಲಿ ಇಡಬೇಡಿ. ಒಣಗುತ್ತದೆ, ಮೇಲೆ ಸಾರಿನ, ಬೆಳ್ಳುಳ್ಳಿಯ ವಾಸನೆ ಹಿಡಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೊಂದು ಕಾಟ ಇದೆ, ಹೊಗೆಸೊಪ್ಪಿನ ಹುಳು. ಮನೆ ಬಿಸಿ 25 ದಾಟಿದರೆ ಎಲೆಯೊಳಗಿನ ಮೊಟ್ಟೆ ಒಡೆದು ಮರಿ ಬರಬಹುದು. ಸೂಜಿ ಚುಚ್ಚಿದಂಥ ತೂತು ಕಂಡರೆ ಅದೇ. ಆ ಸಿಗಾರ್ ಎಸೆದು, ಮಿಕ್ಕವನ್ನು ಜಿಪ್ ಕವರ್‌ಗೆ ಹಾಕಿ ಮೂರು ದಿನ ಫ್ರೀಜರ್, ಒಂದು ದಿನ ಫ್ರಿಜ್, ಆಮೇಲೆ ಹೊರಗೆ. ಒಂದೇ ಸಲ ಫ್ರೀಜರ್‌ನಿಂದ ಬಿಸಿಲಿಗೆ ತಂದರೆ ಮೇಲಿನ ಎಲೆ ಸೀಳುತ್ತದೆ.

ಕಣ್ಣು, ಬೆರಳು, ಮೂಗು

ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ಊಟವಾಗಿ ಒಂದು ಗಂಟೆ ಆಗಿರಲಿ. ಮೊಸರನ್ನದಂಥ ತಣ್ಣನೆ ಊಟ ಒಳ್ಳೆಯದು, ಬಿಸಿಬೇಳೆಬಾತ್ ತಿಂದ ನಾಲಿಗೆ ಸಂಜೆಯವರೆಗೂ ಬೇರೆ ಏನನ್ನೂ ಸರಿಯಾಗಿ ಹೇಳುವುದಿಲ್ಲ. ಕುಡಿಯಲು ನೀರು ಮಾತ್ರ. ಕಾಫಿ, ರಮ್ ಜೊತೆ ಚೆನ್ನಾಗಿರುತ್ತದೆ ಎನ್ನುವುದು ನಿಜ, ಆದರೆ ತೂಗಲು ಕೂತ ದಿನ ಅದು ಬೇಡ.

ಹೊರಗಿನ ಎಲೆ, ಅಂದರೆ ಹೊದಿಕೆ, ಮೊದಲು ನೋಡಿ. ಕ್ಯೂಬಾದಲ್ಲಿ ಅದಕ್ಕೆ ಕಾಪಾ ಎನ್ನುತ್ತಾರೆ. ಪಿನಾರ್ ದೆಲ್ ರಿಯೋದ ವುಯೆಲ್ತಾ ಅಬಾಹೋ ಎಂಬ ಪ್ರದೇಶದ ಕೆಂಪು ಮಣ್ಣಿನಲ್ಲಿ, ತೆಳು ಬಟ್ಟೆಯ ಚಪ್ಪರದ ಕೆಳಗೆ ಬೆಳೆದ ಎಲೆ ಅದು. ಬಣ್ಣ ಒಂದೇ ಸಮ ಇರಬೇಕು, ನರ ಉಬ್ಬಿರಬಾರದು, ಸಣ್ಣಗೆ ಎಣ್ಣೆಯ ಹೊಳಪು ಇರಬೇಕು. ಚುಕ್ಕೆ ಇದ್ದರೆ ಗಾಬರಿ ಬೇಡ. ಬಿಳಿ ಬೂಷ್ಟು ತುದಿಗೆ, ಒಳಕ್ಕೆ ಹರಡಿದ್ದರೆ ಮಾತ್ರ ಬೇಡವೇ ಬೇಡ.

ಈಗ ಅಪ್ಪನ ಪರೀಕ್ಷೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಬುಡದಿಂದ (ಹಚ್ಚುವ ತುದಿ) ತಲೆಯವರೆಗೆ (ಬಾಯಿಗಿಡುವ ತುದಿ) ಮೆಲ್ಲಗೆ ಒತ್ತುತ್ತಾ ಹೋಗಿ. ಒತ್ತಿದರೆ ಸ್ವಲ್ಪ ಒಳಗೆ ಹೋಗಿ ತಾನೇ ಮೇಲೆ ಬರಬೇಕು. ಚರಚರ ಸದ್ದು ಬಂದರೆ ಒಣಗಿದೆ. ಒತ್ತಿದ ಗುರುತು ಹಾಗೇ ಉಳಿದರೆ ತೇವ ಜಾಸ್ತಿ, ಎರಡು ದಿನ ಪೊಟ್ಟಣವಿಲ್ಲದ ಖಾಲಿ ಮರದ ಪೆಟ್ಟಿಗೆಯಲ್ಲಿ ಇಡಿ. ಒಂದೇ ಕಡೆ ಕಲ್ಲಿನಂತೆ ಗಟ್ಟಿ ಗಂಟು ಸಿಕ್ಕರೆ, ಅಥವಾ ಒಂದೇ ಕಡೆ ಪೊಳ್ಳು ಅನಿಸಿದರೆ, ಅದನ್ನು ಬರೆದುಕೊಳ್ಳಿ. ಬೆಂಕಿ ಅಲ್ಲಿಗೆ ಬಂದಾಗ ಏನಾಗುತ್ತದೆ ಎಂದು ನೋಡಬೇಕು.

ಬುಡವನ್ನು ನೋಡಿ. ಅಲ್ಲಿ ಒಳಗಿನ ಎಲೆಗಳ ಮಡಿಕೆ ಕಾಣುತ್ತದೆ. ಗಿಡದ ತಳದ ಎಲೆ ವೊಲಾದೋ, ಅದು ಚೆನ್ನಾಗಿ ಉರಿಯಲು. ನಡುವಿನದು ಸೆಕೋ, ಅದು ಪರಿಮಳಕ್ಕೆ. ಬಿಸಿಲು ತಿಂದ ಮೇಲಿನ ದಪ್ಪ ಎಲೆ ಲಿಹೇರೋ, ಅದು ಖಾರಕ್ಕೆ. ಲಿಹೇರೋ ನಿಧಾನಕ್ಕೆ ಉರಿಯುವುದರಿಂದ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಈ ಮೂರರ ಲೆಕ್ಕವೇ ಸಿಗಾರ್‌ನ ಗುಣ. ನಮ್ಮಲ್ಲಿ ಹುಳಿಪುಡಿಗೆ ಧನಿಯಾ, ಕಡಲೆಬೇಳೆ, ಮೆಣಸಿನಕಾಯಿ ಲೆಕ್ಕ ಹಾಕಿದಂತೆ.

ಮೂಗು ಕೊನೆಗೆ. ಹೊದಿಕೆಯನ್ನೂ ಬುಡವನ್ನೂ ಬೇರೆಬೇರೆಯಾಗಿ ಮೂಸಿ. ಎರಡೂ ಒಂದೇ ವಾಸನೆ ಇರುವುದಿಲ್ಲ. ಹಳೆ ಗಂಜಲದ ಚುರುಕು ವಾಸನೆ ಬುಡದಲ್ಲಿ ಬಂದರೆ ಅದು ಅಮೋನಿಯಾ, ಎಲೆ ಇನ್ನೂ ಹಣ್ಣಾಗಿಲ್ಲ. ಮತ್ತೆ ಡಬ್ಬಿಗೆ ಹಾಕಿ ಕೆಲವು ತಿಂಗಳು ಮರೆತುಬಿಡಿ.

ಕತ್ತರಿ ಮತ್ತು ಬೆಂಕಿ

ತಲೆಯ ಮೇಲೆ ಟೋಪಿಯಂತೆ ಅಂಟಿಸಿದ ಸಣ್ಣ ಎಲೆ ಇರುತ್ತದೆ. ಅದರ ತುದಿ ಮಾತ್ರ, 2 ಮಿ.ಮೀ. ಮೀರದಂತೆ, ಒಂದೇ ಏಟಿಗೆ ಕತ್ತರಿಸಿ. ಟೋಪಿ ಮುಗಿಯುವ ಗೆರೆಯ ಕೆಳಗೆ ಹೋದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹಲ್ಲಿನಿಂದ ಕಚ್ಚುವುದು, ಅಡುಗೆ ಚಾಕು, ಎರಡೂ ಬೇಡ.

ಹಚ್ಚದೆ ಒಮ್ಮೆ ಎಳೆದು ನೋಡಿ. ಇದನ್ನು ತಣ್ಣನೆ ಎಳೆತ ಎನ್ನುತ್ತಾರೆ. ತೆಳು ಎಳನೀರನ್ನು ಸ್ಟ್ರಾದಲ್ಲಿ ಎಳೆದಷ್ಟು ತಡೆ ಇರಬೇಕು. ಖಾಲಿ ಕೊಳವೆಯಂತೆ ಗಾಳಿ ನುಗ್ಗಿದರೆ ಬಿಸಿಯಾಗಿ ಉರಿಯುತ್ತದೆ. ಇಲ್ಲಿ ಸಿಗುವ ರುಚಿಯನ್ನೂ ಬರೆಯಿರಿ, ಒಣ ಹುಲ್ಲು, ಒಣದ್ರಾಕ್ಷಿ, ಏನು ಸಿಕ್ಕಿತೋ ಅದು.

ಬೆಂಕಿಗೆ ಗ್ಯಾಸ್ ಲೈಟರ್ ಅಥವಾ ಮರದ ಕಡ್ಡಿ. ಪೆಟ್ರೋಲ್ ಲೈಟರ್ ಬೇಡ, ವಾಸನೆ ಎಲೆಗೆ ಹತ್ತುತ್ತದೆ. ಬೆಂಕಿಕಡ್ಡಿಯಾದರೆ ಮದ್ದು ಪೂರ್ತಿ ಸುಟ್ಟ ಮೇಲೆ ಹತ್ತಿರ ತನ್ನಿ. ಮೊದಲು ಬಾಯಿಗೆ ಇಡದೆ, ಬುಡವನ್ನು ಜ್ವಾಲೆಯ ಮೇಲೆ ಸ್ವಲ್ಪ ದೂರದಲ್ಲಿ ಹಿಡಿದು ತಿರುಗಿಸುತ್ತಾ ಹೋಗಿ. ಕೆಂಡದ ಮೇಲೆ ಹಪ್ಪಳ ಸುಡುವಾಗ ಹೇಗೆ ತಿರುಗಿಸುತ್ತೇವೋ ಹಾಗೆ, ಜ್ವಾಲೆ ತಾಗಬಾರದು, ಬಿಸಿ ಮಾತ್ರ ತಾಗಬೇಕು. ಅಂಚು ಸುತ್ತಲೂ ಕಪ್ಪಾದ ಮೇಲೆ ಬಾಯಿಗಿಟ್ಟು ತಿರುಗಿಸುತ್ತಾ ಎರಡು ಮೂರು ಸಲ ಎಳೆಯಿರಿ. ಬುಡವನ್ನು ಮೆಲ್ಲಗೆ ಊದಿ ನೋಡಿ. ಕೆಂಡ ಪೂರ್ತಿ ವೃತ್ತವಾಗಿ ಕಾಣಬೇಕು. ಒಂದು ಕಡೆ ಕಪ್ಪು ಉಳಿದಿದ್ದರೆ ಅಲ್ಲಿಗೆ ಮತ್ತೆ ಬಿಸಿ ಕೊಡಿ. ಈ ಎರಡು ನಿಮಿಷದ ತಾಳ್ಮೆ ಮುಂದಿನ ಮುಕ್ಕಾಲು ಗಂಟೆಯನ್ನು ಕಾಯುತ್ತದೆ.

ಎಳೆಯುವ ಲಯ

ನಿಮಿಷಕ್ಕೆ ಒಂದು ಎಳೆತ. ಅದಕ್ಕಿಂತ ಬೇಗ ಎಳೆದರೆ ಕೆಂಡ ಕಾಯುತ್ತದೆ, ರುಚಿ ತಳ ಹಿಡಿದ ಪಾಯಸದಂತೆ ಸೀದು ಹೋಗುತ್ತದೆ. ಹೊಗೆಯನ್ನು ಬಾಯಲ್ಲಿ ಎರಡು ಮೂರು ಸೆಕೆಂಡ್ ಇಟ್ಟುಕೊಂಡು ಬಿಡಿ. ಎದೆಗೆ ಬೇಡ.

ನಾಲ್ಕೈದು ಎಳೆತಕ್ಕೆ ಒಮ್ಮೆ, ಹೊಗೆಯಲ್ಲಿ ಮುಕ್ಕಾಲು ಪಾಲು ಬಾಯಿಂದ ಬಿಟ್ಟು, ಉಳಿದ ಸ್ವಲ್ಪವನ್ನು ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ ತಳ್ಳಿ. ಉಸಿರು ಒಳಕ್ಕೆ ಎಳೆಯಬಾರದು, ಹೊರಕ್ಕೆ ಮಾತ್ರ. ನೆಗಡಿಯಾದಾಗ ಎಂಥ ರುಚಿಯ ಸಾರೂ ಸಪ್ಪೆ ಅನಿಸುತ್ತದಲ್ವಾ? ನಾಲಿಗೆಗೆ ಸಿಹಿ, ಹುಳಿ, ಕಹಿ, ಉಪ್ಪಿನಂಥ ಕೆಲವೇ ರುಚಿ ಗೊತ್ತು, ಪರಿಮಳ ಎಲ್ಲ ಮೂಗಿನ ಹಿಂಬಾಗಿಲಿಂದ ತಿಳಿಯುವುದು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತದೆ. ಹೊಗೆ ಇನ್ನೂ ಕಡಿಮೆ ಮಾಡಿ ನೋಡಿ. ಒಗ್ಗದಿದ್ದರೆ ಬಿಟ್ಟುಬಿಡಿ, ಹೊಗೆ ಬಿಟ್ಟ ಮೇಲೆ ಸುಮ್ನೆ ಮೂಗಿನಿಂದ ಉಸಿರು ಬಿಟ್ಟರೂ ಅರ್ಧ ಪರಿಮಳ ಸಿಗುತ್ತದೆ.

ಬೆವರು, ತಲೆಸುತ್ತು, ವಾಕರಿಕೆ ಶುರುವಾದರೆ ಅದು ನಿಕೋಟಿನ್. ತಕ್ಷಣ ಕೆಳಗಿಡಿ, ಗಾಳಿಗೆ ಬನ್ನಿ, ನೀರು ಕುಡಿದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಆ ದಿನ ಮತ್ತೆ ಹಚ್ಚಬೇಡಿ. ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ರುಚಿಗೆ ಹೆಸರಿಡುವುದು

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಸಿಗಾರನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ. ಪ್ರತಿ ಪಾಲಿಗೂ ಎರಡು ಮೂರು ಸಾಲು ಬರೆಯಿರಿ. ಮೊದಲ ಪಾಲು ಸಾಮಾನ್ಯವಾಗಿ ಹಗುರ. ನಡುವಿನದು ಸಿಗಾರ್‌ನ ನಿಜವಾದ ಮುಖ. ಕೊನೆಯ ಪಾಲಿನಲ್ಲಿ ಡಾಂಬರು, ನಿಕೋಟಿನ್ ಸೇರುತ್ತಾ ಖಾರವಾಗುತ್ತದೆ.

ಬರೆಯುವಾಗ ನಿಮ್ಮ ಮನೆಯ, ಊರಿನ ವಾಸನೆಗಳನ್ನೇ ಹುಡುಕಿ. ವಿದೇಶದವರು ಸೀಡರ್ ಎನ್ನುವುದು ಹೊಸದಾಗಿ ಚೆಕ್ಕಿದ ಪೆನ್ಸಿಲ್ ವಾಸನೆ. ಅವರ ಲೆದರ್ ನಮ್ಮ ಚರ್ಮದ ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟಾಗ ಬರುವುದು. ಅವರು ದನದ ಕೊಟ್ಟಿಗೆಯ ವಾಸನೆ ಎಂದು ಹೊಗಳಿಯೇ ಬರೆಯುತ್ತಾರೆ, ನಮಗೆ ಅದು ಬೆಳಗಿನ ಜಾವದ ಕೊಟ್ಟಿಗೆಯಲ್ಲಿ ಒಣಹುಲ್ಲು ಎಳೆದಾಗ ಏಳುವ ಬೆಚ್ಚನೆ ವಾಸನೆ. ಮಣ್ಣು ಎಂದರೆ ಮೊದಲ ಮಳೆ ಬಿದ್ದ ಕೆಮ್ಮಣ್ಣಾ, ಕೆರೆಯ ಗೋಡಾ, ಬಿಡಿಸಿ ಬರೆಯಿರಿ. ಕಾಫಿ ಎಂದರೆ ಹುರಿಯುತ್ತಿರುವ ಬೀಜವಾ, ಚಿಕೋರಿ ಬೆರೆತ ಡಿಕಾಕ್ಷನ್ನಾ, ಲೋಟದ ತಳದ ಗಸಿಯಾ? ಸಿಹಿ ಎಂದರೆ ಜೇನಾ, ಒಣದ್ರಾಕ್ಷಿಯಾ, ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ನೊರೆಯಾ? ಖಾರ ನಾಲಿಗೆಯ ತುದಿಗೆ ಹಸಿಮೆಣಸಿನಕಾಯಿಯಂತೆ ಹೊಡೆಯಿತಾ, ಗಂಟಲಲ್ಲಿ ಕಾಳುಮೆಣಸಿನಂತೆ ನಿಂತಿತಾ?

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥ ಮಾತುಗಳಿವೆ. ಒಗರು: ಎಳೆ ಅಡಿಕೆ, ಬಾಳೆಕಾಯಿ ತಿಂದಾಗ ನಾಲಿಗೆ ಒಣಗಿ ಹಿಡಿಯುತ್ತದಲ್ಲ, ಅದು. ಎಲೆ ಪೂರ್ತಿ ಹುದುಗಿಲ್ಲದಿದ್ದರೆ ಒಗರು ಬರುತ್ತದೆ. ಘಾಟು: ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಾಗ ಮೂಗಿಗೆ ಅಡರುವುದು. ಸ್ವಲ್ಪ ಇದ್ದರೆ ಚೆಂದ, ಜಾಸ್ತಿಯಾದರೆ ಬೇರೆಲ್ಲ ಮುಚ್ಚಿಹೋಗುತ್ತದೆ. ಕಮಟು: ಹಳೆ ಎಣ್ಣೆಯ ವಾಸನೆ. ಸರಿಯಾಗಿ ಇಡದ ಸಿಗಾರ್‌ನಲ್ಲಿ ಸಿಗುತ್ತದೆ. ಕಿಲುಬು: ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಬರುವ ಲೋಹದ ರುಚಿ. ಸೊಗಡು: ಇದನ್ನು ಬೇರೆ ಭಾಷೆಗೆ ಹೇಗೆ ಹೇಳುವುದೋ ನನಗೆ ಗೊತ್ತಿಲ್ಲ. ಡಿಸೆಂಬರಿನ ಅವರೆಕಾಯಿಯ ಸಿಪ್ಪೆ ಬೆರಳಿಗೆ ಅಂಟಿ, ಕೈ ತೊಳೆದ ಮೇಲೂ ಉಳಿಯುತ್ತದಲ್ಲ, ಆ ಪರಿಮಳಕ್ಕಿರುವ ಮಾತು. ಒಳ್ಳೆಯ ಪಾರ್ತಾಗಾಸ್‌ನ ನಡುವಿನ ಪಾಲಿನಲ್ಲಿ ಸಿಗುವುದು ಸೊಗಡು. ಅದಕ್ಕೆ ಮಣ್ಣಿನ ರುಚಿ ಎಂದು ಬರೆದರೆ ಅರ್ಧ ಹೇಳಿದಂತೆ.

ಅಂದ ಹಾಗೆ, ಚೆರೂಟ್ ಎಂಬ ಇಂಗ್ಲಿಷ್ ಪದ ತಮಿಳಿನ ಸುರುಟ್ಟುವಿನಿಂದ ಹೋದದ್ದು. ತಿರುಚಿರಾಪಳ್ಳಿ, ದಿಂಡಿಗಲ್ ಕಡೆ ಸುತ್ತುತ್ತಿದ್ದ ಚುಟ್ಟಾಗಳ ಜೊತೆ ಅದು ದೂರ ದೂರಕ್ಕೆ ಹೋಯಿತು. ನಮ್ಮ ಸುರುಟು, ಸುರುಳಿ ಅದರ ಒಡಹುಟ್ಟುಗಳೇ.

ರುಚಿ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಬೇರೆಯವರು ಚೆರ್ರಿ ಹಣ್ಣು ಎಂದರೆಂದು ನೀವೂ ಚೆರ್ರಿ ಬರೆಯಬೇಕಿಲ್ಲ. ನಾನು ಮೊದಲ ಹತ್ತು ಸಿಗಾರ್‌ಗೆ ಬರೆದದ್ದರಲ್ಲಿ ಎದ್ದು ಕಾಣುವುದು ಎರಡೇ ಮಾತು, ಹುರಿದ ಕಡಲೆಕಾಯಿ ಸಿಪ್ಪೆ ಮತ್ತು ಕಾಳುಮೆಣಸು. ಆಮೇಲೆ ಒಂದೊಂದೇ ಸೇರಿತು. ಅಡುಗೆಮನೆಯ ಸಾಂಬಾರ ಡಬ್ಬಿ ತೆಗೆದು ಕಣ್ಣು ಮುಚ್ಚಿ ಒಂದೊಂದನ್ನೇ ಮೂಸಿ ಹೆಸರು ಹೇಳುವ ಅಭ್ಯಾಸ ಮಾಡಿ. ಇದಕ್ಕೆ ತಂಬಾಕು ಬೇಕಿಲ್ಲ, ಮೂಗು ಹರಿತವಾಗುತ್ತದೆ.

ತಪ್ಪು ಯಾರದು

ಒಂದು ಕಡೆ ಬೇಗ ಉರಿದು ದೋಣಿಯಂತೆ ಆದರೆ, ಮೊದಲು ಹಚ್ಚಿದ ರೀತಿಯನ್ನು ಮತ್ತು ಫ್ಯಾನ್ ಗಾಳಿಯನ್ನು ಅನುಮಾನಿಸಿ. ಹಿಂದೆ ಉಳಿದ ಕಡೆಗೆ ಒಮ್ಮೆ ಬಿಸಿ ಕೊಡಿ. ಒಂದು ಸೆಂಟಿಮೀಟರಿನಲ್ಲಿ ಸರಿಯಾದರೆ ಸಿಗಾರ್‌ನ ತಪ್ಪಲ್ಲ. ಮತ್ತೆ ಮತ್ತೆ ಅದೇ ಕಡೆ ಹಿಂದೆ ಬಿದ್ದರೆ ಒಳಗೆ ಎಲೆ ಸಮವಾಗಿ ಕೂತಿಲ್ಲ, ಸುತ್ತಿದವರ ಅಂಕ ಕಡಿಮೆ ಮಾಡಿ.

ಒಳಗೆ ಉರಿದು ಹೊದಿಕೆ ಹಾಗೇ ಉಳಿದರೆ, ಅಂದರೆ ಸುರಂಗ ಬಿದ್ದರೆ, ಹೆಚ್ಚಿನ ಸಲ ತೇವ ಅಥವಾ ತೀರಾ ನಿಧಾನದ ಎಳೆತ ಕಾರಣ. ಎಳೆತ ಬಿಗಿ ಇದ್ದರೆ ಬೆರಳಿಗೆ ಮೊದಲೇ ಸಿಕ್ಕ ಗಂಟನ್ನು ನೆನಪು ಮಾಡಿಕೊಳ್ಳಿ. ಕೆಂಡ ಅದನ್ನು ದಾಟಿದ ಮೇಲೆ ಸಲೀಸಾದರೆ ಸುತ್ತಿದ ಕೈಯದು ತಪ್ಪು. ಉದ್ದಕ್ಕೂ ಬಿಗಿ ಇದ್ದರೆ ಎರಡನೆಯ ಸಿಗಾರ್ ನೋಡದೆ ತೀರ್ಮಾನ ಬೇಡ. ಕಹಿ ಬಂದರೆ ಎರಡು ನಿಮಿಷ ಕೆಳಗಿಡಿ, ಆಮೇಲೆ ಸಿಗಾರ್‌ನೊಳಕ್ಕೆ ಮೆಲ್ಲಗೆ ಒಮ್ಮೆ ಊದಿ ಹಳೆ ಹೊಗೆ ಹೊರಗೆ ಹಾಕಿ. ಕಹಿ ಹೋದರೆ ಅವಸರ ನಿಮ್ಮದಾಗಿತ್ತು. ಹೋಗದಿದ್ದರೆ ಎಲೆಯದು.

ಬೂದಿಯನ್ನು ತಟ್ಟಬೇಡಿ. ಎರಡು ಮೂರು ಸೆಂಟಿಮೀಟರ್ ಬೆಳೆದ ಮೇಲೆ ಬಟ್ಟಲಿನ ಅಂಚಿಗೆ ಮೆಲ್ಲಗೆ ಒತ್ತಿದರೆ ತಾನೇ ಬೀಳುತ್ತದೆ. ಗಟ್ಟಿಯಾಗಿ ನಿಂತ ಬೂದಿ ಉದ್ದನೆಯ ಎಲೆ ಹಾಕಿ ಚೆನ್ನಾಗಿ ಸುತ್ತಿದ್ದಾರೆ ಎಂದು ಹೇಳುತ್ತದೆ. ಬಿಳಿ ಬೂದಿಯೇ ಉತ್ತಮ ಎನ್ನುವ ಮಾತನ್ನು ನಾನು ನಂಬುವುದಿಲ್ಲ, ಬಣ್ಣ ಮಣ್ಣಿನ ಖನಿಜಗಳ ಮೇಲೆ ನಿಂತಿದೆ.

ಅಂಕ

ನೂರಕ್ಕೆ ಕೊಡುವ ನನ್ನ ಲೆಕ್ಕ ಹೀಗೆ: ನೋಟಕ್ಕೆ 10, ಕಟ್ಟು ಮತ್ತು ಉರಿಗೆ 25, ರುಚಿ ಮತ್ತು ಪರಿಮಳಕ್ಕೆ 40, ಪಾಲಿನಿಂದ ಪಾಲಿಗೆ ಬದಲಾಗುತ್ತಾ ಸಮತೂಕ ಉಳಿಸಿಕೊಂಡದ್ದಕ್ಕೆ 15, ಕೊನೆಗೆ ಬಾಯಲ್ಲಿ ಉಳಿಯುವ ರುಚಿಗೆ 10. ಖಾರ ಎಷ್ಟಿದೆ ಎಂಬುದಕ್ಕೆ ಅಂಕವೇ ಇಲ್ಲ. ಖಾರ ಗುಣವೂ ಅಲ್ಲ ದೋಷವೂ ಅಲ್ಲ, ಪಕ್ಕದಲ್ಲಿ ಮೆದು, ಮಧ್ಯಮ, ಗಟ್ಟಿ ಎಂದು ಬರೆದರೆ ಸಾಕು.

ಬೆಲೆ ಮತ್ತು ಹೆಸರು ನಾಲಿಗೆಯನ್ನು ಬಹಳ ಕೆಡಿಸುತ್ತವೆ. ಮನೆಯಲ್ಲಿ ಯಾರಿಗಾದರೂ ಹೇಳಿ ಸಿಗಾರ್‌ಗೆ ಸುತ್ತಿದ, ಬ್ರ್ಯಾಂಡ್ ಹೆಸರಿರುವ ಕಾಗದದ ಉಂಗುರದ ಮೇಲೆ ಬಿಳಿ ಪಟ್ಟಿ ಸುತ್ತಿಸಿ, 1, 2, 3 ಎಂದು ಬರೆಸಿ. ಒಂದೇ ದಿನ ಮೂರೂ ಬೇಡ, ವಾರಗಳ ಅಂತರ ಇರಲಿ. ಕೈಯಲ್ಲಿ ಸುತ್ತಿದ ಮಾಲು ಒಂದರಂತೆ ಇನ್ನೊಂದು ಇರುವುದಿಲ್ಲ. ಅದಕ್ಕೇ ಎರಡು ಮೂರು ತನ್ನಿ ಎಂದದ್ದು. ಒಂದನ್ನೇ ನೋಡಿ ಬರೆದ ಅಂಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.

ಬೆರಳಿಗೆ ಬಿಸಿ ತಾಗುವವರೆಗೂ ಸೇದಬೇಕಿಲ್ಲ. ಕೊನೆಯ ಪಾಲಿನ ಅರ್ಧಕ್ಕೆ ರುಚಿ ಒರಟಾಯಿತೆಂದರೆ ಅಲ್ಲಿಗೆ ಮುಗಿಯಿತು. ಹಿಸುಕಿ ಆರಿಸಬೇಡಿ, ಕೋಣೆಯೆಲ್ಲ ಕೆಟ್ಟ ವಾಸನೆ ಬರುತ್ತದೆ. ಬಟ್ಟಲಿನಲ್ಲಿ ಬಿಟ್ಟರೆ ಐದು ನಿಮಿಷದಲ್ಲಿ ತಾನೇ ಆರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಹೊರಗೆ ಹಾಕಿ. ಇಪ್ಪತ್ತು ನಿಮಿಷ ಬಿಟ್ಟು, ಬಾಯಿ ಮುಕ್ಕಳಿಸುವ ಮುಂಚೆ, ಉಳಿದ ರುಚಿಯನ್ನು ಬರೆಯಿರಿ. ಹೇಗೆ ಬರೆಯಬೇಕು ಎನ್ನುವವರಿಗೆ ನನ್ನ ಪುಸ್ತಕದ ಒಂದು ಪುಟ ಹಾಗೇ ಕೊಡುತ್ತೇನೆ:

"ಮಾಂಟೆಕ್ರಿಸ್ಟೋ ನಂ. 4, ಇದೇ ಪೆಟ್ಟಿಗೆಯಿಂದ ಎರಡನೆಯದು. ಡಬ್ಬಿಯಲ್ಲಿ 65ಕ್ಕೆ ನಾಲ್ಕು ವಾರ. ಸಂಜೆ 5, ಮಹಡಿ ಮೇಲೆ, ಗಾಳಿ ಇಲ್ಲ. ಹೊದಿಕೆ ತೆಳು ಕಂದು, ಒಂದು ನರ ಉಬ್ಬಿದೆ. ಬೆರಳಿಗೆ ಹದ. ತಣ್ಣನೆ ಎಳೆತ: ಒಣಹುಲ್ಲು, ಸಣ್ಣ ಸಿಹಿ. ಮೊದಲ ಪಾಲು: ಚೆಕ್ಕಿದ ಪೆನ್ಸಿಲ್, ಹಾಲು ಹಾಕಿದ ಕಾಫಿ. ಸ್ವಲ್ಪ ಒಗರು, ಹತ್ತು ನಿಮಿಷದಲ್ಲಿ ಹೋಯಿತು. ನಡುವೆ: ಸಕ್ಕರೆ ಇಲ್ಲದ ಕೋಕೋ ಪುಡಿ, ಹುರಿದ ಕಡಲೆಬೀಜ, ಮೂಗಿನಲ್ಲಿ ಕಾಳುಮೆಣಸು. ಒಮ್ಮೆ ದೋಣಿಯಾಯಿತು, ತಾನೇ ಸರಿಹೋಯಿತು, ನಾನು ಹಚ್ಚಿದ್ದೇ ಓರೆ. ಕೊನೆ: ಡಿಕಾಕ್ಷನ್ ಗಸಿ, ಚರ್ಮ, ಆಮೇಲೆ ಘಾಟು. 48 ನಿಮಿಷಕ್ಕೆ ಇಟ್ಟೆ. ಉಳಿದದ್ದು ಕೋಕೋ. ಮಧ್ಯಮ. 9, 21, 34, 12, 8. ಒಟ್ಟು 84. ಮೂರನೆಯದನ್ನು ಆರು ತಿಂಗಳು ಮುಟ್ಟುವುದಿಲ್ಲ. ಒಗರು ಹೋಗುತ್ತದಾ ನೋಡಬೇಕು."